ಮೂರೂವರೆಯ ಅಪಾಯಿಂಟ್‌ಮೆಂಟ್

ಕತ್ರಿಗುಪ್ಪೆ
೪ ನವೆಂಬರ್ ೨೦೨೫

ನನ್ನ ಸ್ಪಂದನಾ,

ಅಮ್ಮನ ಕನ್ನಡ ಅಕ್ಷರ ನೋಡಿ ನಿನಗೆ ನಗು ಬರಬಹುದು. ಇಂಗ್ಲಿಷ್ ಮೀಡಿಯಂನವಳು, ಒತ್ತಕ್ಷರ ಬಂದಾಗ ಈಗಲೂ ಪೆನ್ನು ನಿಲ್ಲುತ್ತದೆ. ಆದರೆ ಇಂಗ್ಲಿಷಿನಲ್ಲಿ ಬರೆಯಹೊರಟರೆ ಕ್ಲಿನಿಕ್ಕಿನ ಮಾತೇ ಬರುತ್ತದೆ. ವಾಟ್ಸ್ಯಾಪ್ ಮೆಸೇಜನ್ನು ನೀನು ತೆರೆಯುತ್ತಿಲ್ಲ. ಕಾಗದವಾದರೆ ನೀನು ಓದಿದೆಯೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಅದೇ ವಾಸಿ.

ಜೂನ್‌ನಲ್ಲಿ ನೀನು, "ನಿಂಗೆ ನಾನು ಬೇಡ ಬಿಡು" ಅಂದಾಗ, ಹಾಗನ್ನಿಸಲು ಆಧಾರವೇನು ಎಂದು ನಾನು ಕೇಳಿದೆ. "ನಾನೇನು ನಿನ್ ಕ್ಲೈಂಟಾ?" ಅಂದೆ ನೀನು. ಆ ವಾರವೇ ಮನೆ ಬಿಟ್ಟು ಸುದ್ದಗುಂಟೆಪಾಳ್ಯದ ಪಿಜಿಗೆ ಹೋದೆ.

ಕೌನ್ಸೆಲಿಂಗಿಗೆಂದು ನನ್ನ ಹತ್ತಿರ ಬರುವ ಅನೇಕರದು ಒಂದೇ ನೋವು. ಯಾರೋ ಫೋನ್ ಎತ್ತಲಿಲ್ಲ, ಆಫೀಸಿನಲ್ಲಿ ಯಾರೋ ಮುಖ ತಿರುಗಿಸಿದರು, ಅಷ್ಟಕ್ಕೇ ತಾವು ಯಾರಿಗೂ ಬೇಡವೆಂದು ಕುಸಿದುಬಿಡುತ್ತಾರೆ. ಅವರು ಹಾಗೆ ಮಾಡಿದ್ದಕ್ಕೆ ಆ ಒಂದು ಕಾರಣ ಬಿಟ್ಟು ಬೇರೆ ಮೂರು ಕಾರಣ ಬರೆದು ನೋಡಿ ಎನ್ನುತ್ತೇನೆ. ಕೆಲವರಿಗೆ ನಿಜಕ್ಕೂ ಉಪಯೋಗವಾಗುತ್ತದೆ. ಏಳನೇ ಕ್ಲಾಸಿನಲ್ಲಿ ಗೆಳತಿಯೊಬ್ಬಳು ನಿನ್ನೊಬ್ಬಳನ್ನೇ ಬಿಟ್ಟು ಎಲ್ಲರನ್ನೂ ಬರ್ತ್‌ಡೇಗೆ ಕರೆದಾಗ ನಿನಗೂ ಇದನ್ನೇ ಕಲಿಸಿದೆ. ನೀನು ಮೂರು ಕಾರಣ ಬರೆದು ತಂದು ತೋರಿಸಿದೆ. ನಾನು ಚೆನ್ನಾಗಿದೆ ಅಂದೆ. ಹತ್ತಿರ ಕೂರಿಸಿಕೊಳ್ಳಲಿಲ್ಲ.

ಆಗಸ್ಟ್ ಹತ್ತೊಂಬತ್ತು, ಮಂಗಳವಾರ. ಅಪಾಯಿಂಟ್‌ಮೆಂಟ್ ಪಟ್ಟಿಯಲ್ಲಿ ಮೂರೂವರೆಗೆ ಅಣ್ಣಮ್ಮ ಎಂಬ ಹೊಸ ಹೆಸರಿತ್ತು. ಯಾರೋ ವಯಸ್ಸಾದವರು ಅಂದುಕೊಂಡೆ. ಬಾಗಿಲು ತೆಗೆದರೆ ಹೊರಗಿನ ಬೆಂಚಿನ ಮೇಲೆ ನೀನು, ಬ್ಯಾಗು ತೊಡೆಯ ಮೇಲೆ. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಮನೆಯವರನ್ನು ನಾನು ನೋಡುವಂತಿಲ್ಲ, ಒಳ್ಳೆಯ ಸಹೋದ್ಯೋಗಿಯ ನಂಬರ್ ಕೊಡುತ್ತೇನೆ ಅಂದೆ. ನೀನು ಮೆಲ್ಲಗೆ, "ಐವತ್ತು ನಿಮಿಷ ಸಾಕಮ್ಮ. ಇಲ್ಲಿ ನೀನು ಮಧ್ಯ ಮಧ್ಯ ಫೋನ್ ನೋಡಲ್ವಲ್ಲ" ಅಂದೆ. ನಾನು ನಂಬರ್ ಬರೆದುಕೊಟ್ಟೆ.

ನೀನು ಮೆಟ್ಟಿಲಿಳಿದ ಮೇಲೆ ರಿಸೆಪ್ಷನ್ನಿನ ಸುಧಾಮಣಿ ನನ್ನ ಕಡೆ ತಿರುಗಿಯೂ ನೋಡದೆ, "ಮಗು ಊಟ ಮಾಡಿರ್ಲಿಲ್ಲ ಮೇಡಂ. ಅದಕ್ಕೂ ರೂಲ್ ಇದೆಯಾ?" ಅಂದರು.

ನಿಯಮ ಸರಿಯಾದದ್ದೇ, ಈಗಲೂ ಹಾಗೇ ಹೇಳುತ್ತೇನೆ. ನಿನ್ನನ್ನು ಕ್ಲೈಂಟ್ ಮಾಡಿಕೊಳ್ಳುವಂತಿರಲಿಲ್ಲ. ಆದರೆ ಬಾಗಿಲಿಗೆ ಬೀಗ ಹಾಕಿ ನಿನ್ನ ಜೊತೆ ಜಯನಗರದ ಯಾವುದಾದರೂ ದರ್ಶಿನಿಗೆ ನಡೆದು ಬರಬಹುದಿತ್ತು. ಒಬ್ಬ ಕ್ಲೈಂಟ್‌ಗೆಂದು ಮೀಸಲಿಟ್ಟ ಆ ಐವತ್ತು ನಿಮಿಷ ಹೇಗೂ ಖಾಲಿ. ಒಳಗೆ ಒಬ್ಬಳೇ ಕೂತಿದ್ದೆ, ಕ್ಲೈಂಟ್‌ಗಳ ಕುರ್ಚಿಯನ್ನು ನೋಡುತ್ತಾ.

ಇವತ್ತಿಗೆ ಹನ್ನೊಂದು ವಾರ. ನಿನ್ನ ಮೌನಕ್ಕೆ ನಾನೂ ಮೂರು ಕಾರಣ ಬರೆದೆ. ಪರೀಕ್ಷೆ, ನೆಟ್‌ವರ್ಕ್, ಹೊಸ ಸ್ನೇಹಿತರು. ಒಂದನ್ನೂ ನಂಬಲಾಗಲಿಲ್ಲ.

ಭಾನುವಾರ ಮೂರೂವರೆಗೆ ನಿನ್ನ ಪಿಜಿ ಎದುರು, ಎಳನೀರು ಗಾಡಿಯ ಪಕ್ಕ ನಿಂತಿರುತ್ತೇನೆ. ಫೋನ್ ಮನೆಯಲ್ಲೇ ಇಟ್ಟು ಬರುತ್ತೇನೆ. ನೀನು ಇಳಿದು ಬರಲೇಬೇಕೆಂದಿಲ್ಲ. ಬರದಿದ್ದರೆ ಮುಂದಿನ ಭಾನುವಾರವೂ ಬರುತ್ತೇನೆ. ನಾನು ಬರುವುದೇ ಬೇಡವೆನಿಸಿದರೆ ಸುಧಾಮಣಿಗೆ ಒಂದು ಮಾತು ಹೇಳು, ಕಾರಣ ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಬಾಗಿಲು ತೆಗೆದಾಗ ನನಗೆ ಗಾಬರಿಯಾಗಲಿಲ್ಲ. ಪಟ್ಟಿಯಲ್ಲಿ ಹೆಸರು ನೋಡಿದ ಸೋಮವಾರ ಸಂಜೆಯೇ ನೀನೆಂದು ಗೊತ್ತಾಗಿತ್ತು. ನೀನು ಸ್ಕೂಲಿನಿಂದ ಬಂದರೆ, ನನ್ನ ಕೊನೆಯ ಕ್ಲೈಂಟ್ ಹೋಗುವವರೆಗೆ ನಿನ್ನನ್ನು ಕೂರಿಸಿಕೊಳ್ಳುತ್ತಿದ್ದ ಕೆಳಗಿನ ಮನೆಯ ಅಣ್ಣಮ್ಮನವರನ್ನು ನಾನು ಮರೆಯಲು ಸಾಧ್ಯವೇ? ನಾನು ನಿನಗೆ ಬೇಡವೆಂದು ಹೇಳಲಿಕ್ಕೇ ಬರುತ್ತಿದ್ದೀಯ ಅಂದುಕೊಂಡೆ. ಆ ಸಂಜೆ ಮನೆಗೆ ಬರುವಾಗ ಆಟೋದಲ್ಲಿ ಕೂತು, ಮರುದಿನ ನಿನಗೆ ಹೇಳಿದ, ಮನೆಯವರನ್ನು ನೋಡುವಂತಿಲ್ಲ ಎಂಬ ಆ ಮಾತನ್ನು ಒಳಗೊಳಗೇ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ನೀನು ಬರಲು ಬೇರೆ ಕಾರಣ ಇರಬಹುದೆಂದು ಹೊಳೆಯಲೇ ಇಲ್ಲ.