ಅತ್ತೆ ಕಾವಿಗಿಟ್ಟ ಮೊಟ್ಟೆಗಳು

ಭಾವನವರಿಗೆ ಮಾಳಮ್ಮನ ನಮಸ್ಕಾರಗಳು.

ಕುರಿಹಟ್ಟಿಯಲ್ಲಿ ನಿಮ್ಮ ಫೋನು ಸಿಗುತ್ತಿಲ್ಲ. ಅದಕ್ಕೇ ಅಲ್ಲಿಗೆ ಜೋಳ ತರುವ ಜಂಬಣ್ಣನ ಕೈಯಲ್ಲಿ ಈ ಪತ್ರ ಕಳಿಸಿದ್ದೇನೆ.

ಅತ್ತೆಯನ್ನು ಮಣ್ಣು ಮಾಡಿ ಬಂದ ದಿನ ನೀವು ಹೇಳಿ ಹೋಗಿದ್ದಿರಿ: "ಅವ್ವ ಕಾವಿಗಿಟ್ಟ ತತ್ತಿ ಕೆಟ್ಟಿದ್ರ, ದಿವಸದ ಎಡಿಗೆ ಆ ಕೋಳೀನ ಕೊಯ್ಯವ್ವ."

ನಿನ್ನೆ ಒಳಕೋಣೆಯ ಕತ್ತಲಲ್ಲಿ ಒಂದೊಂದೇ ಮೊಟ್ಟೆಯನ್ನು ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದೆ. ಎಲ್ಲದರಲ್ಲೂ ಅಲುಗದ ಒಂದು ಕಪ್ಪು ಕಲೆ. ಸತ್ತಿವೆ ಅಂದುಕೊಂಡು, ಬಿಸಾಡಲು ಬುಟ್ಟಿ ಹಿಡಿದು ಹಿತ್ತಲಿಗೆ ಬಂದೆ. ಬಿಸಿಲಿಗೆ ಬಂದಾಗಲೇ ಗೊತ್ತಾಗಿದ್ದು, ಆ ಕಪ್ಪು ಒಳಗಿನದಲ್ಲ, ಚಿಪ್ಪಿನ ಮೇಲಿನದು. ಹೊಸ ಮೊಟ್ಟೆ ಬೆರೆಯಬಾರದೆಂದು ಅತ್ತೆ ಒಂದೊಂದಕ್ಕೂ ಇದ್ದಿಲ ಮಸಿಯಲ್ಲಿ ಹೆಬ್ಬೆಟ್ಟು ಒತ್ತಿದ್ದರು. ಮತ್ತೆ ಒಳಗೊಯ್ದು ಮಗ್ಗುಲು ತಿರುಗಿಸಿ ಹಿಡಿದೆ. ಕೆಂಪು ನರಗಳ ನಡುವೆ ಮರಿ ಮಿಸುಕಾಡಿತು.

ಕೋಳಿ ಮತ್ತೆ ಕಾವಿಗೆ ಕೂತಿದೆ. ಅತ್ತೆಯ ತಿಥಿಯ ಎಡೆಗೆ ಬೇರೆ ಹುಂಜ ಬೇಕು, ಬರುವಾಗ ಸಂತೆಯಿಂದ ತನ್ನಿ.

"ಅವ್ವಂದು ಒಂದು ಫೋಟೊನೂ ಇಲ್ಲಲ್ಲ" ಎಂದು ಅವತ್ತು ನೀವು ಅತ್ತಿರಿ. ಮರಿಗಳು ಹೊರಬಂದ ಮೇಲೆ ಆ ಚಿಪ್ಪುಗಳನ್ನು ನಾನು ತಿಪ್ಪೆಗೆ ಹಾಕುವುದಿಲ್ಲ. ಹೆಬ್ಬೆಟ್ಟು ಒಡೆಯದೆ ಉಳಿದದ್ದನ್ನು ನಿಮಗೆಂದು ಎತ್ತಿಡುತ್ತೇನೆ.

ನಿಮ್ಮ ತಮ್ಮನ ಹೆಂಡತಿ,
ಮಾಳಮ್ಮ
ಹೊಸಹಳ್ಳಿ