ಅಪ್ಪನ ಬಳೆ ಅಂಗಡಿ ಇದ್ದ ಬೀದಿ

ಫೆಬ್ರವರಿ 7, ಶುಕ್ರವಾರ. ಕೊರಟಗೆರೆ

ಬಿಪಿ ಮಾತ್ರೆ ಆಯಿತು. ಗಿಡಗಳಿಗೆ ನೀರು ಆಯಿತು. ಸ್ಕೂಲಿನಿಂದ ರಿಟೈರ್ ಆದ ಮೇಲೆ ಬರೆಯಲು ಇಷ್ಟೇ.

ಸಂಜೆ ತಮ್ಮನ ಮಗಳು ಭವ್ಯ ಬಂದಿದ್ದಳು. ತಾತ, ಮುತ್ತಾತ ಬಳೆ ಮಾರಿದ ಶಿರಾದ ಬೀದಿ ನೋಡಬೇಕಂತೆ. ನಾನು ಅಲ್ಲಿಂದ ಹೊರಟಾಗ ಹನ್ನೆರಡು ವರ್ಷ. ಮತ್ತೆ ಕಾಲಿಟ್ಟಿಲ್ಲ. ಮೊದಲು ಪುರುಸೊತ್ತಿರಲಿಲ್ಲ. ಆರು ವರ್ಷದ ಹಿಂದೆ ಯಜಮಾನರು ತೀರಿಕೊಂಡ ಮೇಲೆ... ಬಳೆ ಬೀದಿಯಲ್ಲಿ ನನಗೇನು ಕೆಲಸ?

ಮಂಡಿನೋವು ಅಂದೆ. ಕೇಳಲಿಲ್ಲ.

ಫೆಬ್ರವರಿ 9, ಭಾನುವಾರ. ಸಂಜೆ 6

ಹೋಗಿಬಂದೆವು. ಮಧುಗಿರಿಯಲ್ಲಿ ಬಸ್ಸು ಬದಲಿಸಿ ಶಿರಾ ಸೇರಿದಾಗ ಹನ್ನೊಂದು. ಅಪ್ಪನ ಅಂಗಡಿ ಈಗ ಮೊಬೈಲ್ ರಿಪೇರಿ. ಮುಂದಿನ ಚಪ್ಪಡಿ ಮಾತ್ರ ಹಳೆಯದು. ಅದರ ಮೇಲೆ ಕೂತೇ ಅಪ್ಪ ಬಳೆ ತೊಡಿಸುತ್ತಿದ್ದದ್ದು. ಪಕ್ಕದಲ್ಲಿ ಇನ್ನೂ ಒಂದು ಬಳೆ ಅಂಗಡಿ ಇದೆ. ನಡೆಸುವವರು ಬದ್ರುನ್ನೀಸಾ ಅಂತ, ನನ್ನ ವಯಸ್ಸಿನವರು. ಅವರ ಮಾವನಿಗೆ ಕಸುಬು ಕಲಿಸಿದ್ದು ನಮ್ಮಪ್ಪನಂತೆ. ಟೀ ತರಿಸಿದರು.

ಅಷ್ಟರಲ್ಲಿ ಮದಲೂರಿನ ಒಬ್ಬ ಬಸುರಿ, ಅತ್ತೆಯ ಜೊತೆ. ನಾಳೆ ಸೀಮಂತ, ಹಸಿರು ಗಾಜಿನ ಬಳೆ ಬೇಕು. ಹುಡುಗಿಯ ಕೈ ಊದಿತ್ತು. ಬದ್ರುನ್ನೀಸಾಗೆ ಬೆರಳು ನಡುಕ. ಒಂದು ಬಳೆ ಒಡೆಯಿತು. ಇನ್ನೊಂದೂ. ಕೈ ಗೀರಿ ಹುಡುಗಿಗೆ ಕಣ್ಣೀರು. ಸೋಪು ಹಚ್ಚೋಣ ಎಂದರು ಬದ್ರುನ್ನೀಸಾ. ಸೋಪು ಹಚ್ಚಿದರೆ ಬಳೆಗಾರ ಸೋತ ಹಾಗೆ — ಅಪ್ಪ ಹೇಳುತ್ತಿದ್ದದ್ದು.

ನನ್ನ ಕೈ ತಾನಾಗಿ ಮುಂದೆ ಹೋಯಿತು. ಹೆಬ್ಬೆರಳ ಬುಡ ಒತ್ತಿ, ಅಂಗೈ ಮಡಿಸಿದೆ. ಅಪ್ಪನ ಪಕ್ಕ ಕೂತು ಕಲಿತದ್ದು, ಐವತ್ತು ವರ್ಷವಾದರೂ ಮರೆತಿರಲಿಲ್ಲ. ಆಮೇಲೆ ಎಚ್ಚರವಾಯಿತು, ಕೈ ಬಿಟ್ಟೆ.

"ನಾನು ಇಡಬಾರದು ಕಣಮ್ಮ. ನಮ್ಮ ಯಜಮಾನರಿಲ್ಲ."

ಮೂವತ್ತು ವರ್ಷ ಮಕ್ಕಳಿಗೆ ಇದೆಲ್ಲ ಸುಳ್ಳು ಎಂದು ಪಾಠ ಹೇಳಿದವಳ ಬಾಯಲ್ಲಿ ಇದೇ ಬಂತು. ಅತ್ತೆ ಬೀದಿ ಕಡೆ ನೋಡುತ್ತ ನಿಂತರು. ಹುಡುಗಿ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

"ನೀವು ಹಿಡ್ದಾಗ ನೋಯ್ಲಿಲ್ಲ. ನೀವೇ ಇಡ್ರಮ್ಮ."

ನಾನು ಅತ್ತೆಯ ಮುಖ ನೋಡಿದೆ. ಕೊನೆಗೆ ಅತ್ತೆ, "ಅವ್ಳ ಕೈ, ಅವ್ಳಿಷ್ಟ. ಇಡ್ರವ್ವ. ಒಂದ್ ಗಂಟೆಗೆ ಬಸ್ಸೈತೆ" ಎಂದರು.

ಎರಡೂ ಕೈಗೆ ಸೇರಿ ಇಪ್ಪತ್ತೊಂದು. ಒಂದೂ ಒಡೆಯಲಿಲ್ಲ. ಕಾಲಿಗೆ ಬೀಳಲು ಬಗ್ಗಿದಳು, ತಡೆದೆ. ಭವ್ಯ ಅಳುತ್ತಿದ್ದಳು, ಪೆದ್ದಿ.

ಹೊರಡುವಾಗ ಬದ್ರುನ್ನೀಸಾ ಎರಡು ಬಳೆ ಪೇಪರಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿದರು. "ಇದು ನಿಮ್ದು ಅಪ್ಪಂದು ಬೀದಿ, ಆಪಾ. ಖಾಲಿ ಕೈ ಹೋಗ್ಬಾರ್ದು."

ಫೆಬ್ರವರಿ 13, ಗುರುವಾರ. ಬೆಳಿಗ್ಗೆ 8

ಬರೆಯಲಾಗಿರಲಿಲ್ಲ. ಪೊಟ್ಟಣ ಬ್ಯಾಗಿನಲ್ಲೇ ಇತ್ತು. ದಿನಾ ಮುಟ್ಟಿ ನೋಡಿ ಇಡುತ್ತಿದ್ದೆ. ಇವತ್ತು ಸ್ನಾನ ಮುಗಿಸಿ ತೊಟ್ಟುಕೊಂಡೆ, ಕೈಗೊಂದು.

ಹಾಲು ತಂದ ಸಿದ್ದಗಂಗಮ್ಮ ನೋಡಿದಳು. ಕೈ ಸೆರಗಿನೊಳಗೆ ಎಳೆದುಕೊಳ್ಳಲಿಲ್ಲ ನಾನು. "ಯಾವಾಗ್ಲೋ ಹಾಕ್ಕಬೋದಾಗಿತ್ತು, ಬುಡಿ ಮೇಡಮ್ಮೋರೆ" ಅಂದು ಹಾಲು ಅಳೆದು ಹೋದಳು. ಅಷ್ಟೇ. ಆರು ವರ್ಷ ಹೆದರಿದ್ದು ಇಷ್ಟಕ್ಕೇ?

ಬರೆಯುವಾಗ ಬಳೆ ಮೇಜಿಗೆ ತಗಲಿ ಸದ್ದಾಗುತ್ತಿದೆ. ಪ್ರತಿ ಸಾಲಿಗೂ. ಪೆನ್ನು ಎತ್ತಿ ಸುಮ್ಮನೆ ಒಮ್ಮೆ ಕೈ ಆಡಿಸಿದೆ. ಆ ಸದ್ದು ಕೇಳಲೆಂದು, ಮತ್ತೊಮ್ಮೆ.