ಅಳಿಸಿದರೂ ನಿಲ್ಲದ ಚಂದಾ

ತಮ್ಮಾ,

ಕೊಯ್ಲಿನ ಯಂತ್ರ ಬೆಳಗಿನ ಜಾವಕ್ಕೇ ಹೊಲಕ್ಕಿಳಿದಿದೆ, ನಾನು ಹೊರಟೆ. ರಾತ್ರಿ ಪಾಳಿ ಮುಗಿಸಿ ಬಂದು ಈಗಷ್ಟೇ ಮಲಗಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ದಿಂಬಿನ ಪಕ್ಕ ನನ್ನ ಫೋನಿದೆ, ಒಂಬತ್ತಕ್ಕೆ ಅಲಾರಂ ಇಟ್ಟಿದ್ದೇನೆ.

ನೀನು ಹಾಕಿಕೊಟ್ಟಿದ್ದ ಖರ್ಚು ಬರೆಯುವ ಆ್ಯಪು ಇವತ್ತು ಹತ್ತು ಗಂಟೆಗೆ ನನ್ನ ಖಾತೆಯಿಂದ ವರ್ಷದ ಚಂದಾ ಎಳೆದುಕೊಳ್ಳುತ್ತದಂತೆ; ಮೆಸೇಜು ಬಂದಿದೆ. "ಅಳಿಸಿ ಹಾಕಿದೀನಿ ಬಿಡಕ್ಕಾ, ಪೀಡೆ ತೊಲಗ್ತು" ಅಂದಿದ್ದೆಯಲ್ಲ ಮಹರಾಯ! ಫೋನಿನಿಂದ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ, ಬೇರೆಯಾಗಿ ರದ್ದು ಮಾಡಬೇಕು ಎಂದು ಆ ಮೆಸೇಜಿನಲ್ಲೇ ಇದೆ. ಪಾಸ್‌ವರ್ಡು ನಿನಗೇ ಗೊತ್ತು. ಕಾಫಿ ಆಮೇಲೆ, ಮೊದಲು ಅದು.

ಖಾತೆಯಲ್ಲಿರುವುದು ಯಂತ್ರದವನ ಬಾಡಿಗೆಯಷ್ಟೇ, ಬಿಡಿಗಾಸು ಹೆಚ್ಚಿಲ್ಲ. ಹೋದ ಸುಗ್ಗಿಯಲ್ಲಿ ಅವನ ಮುಂದೆ ತಲೆ ತಗ್ಗಿಸಿ "ಮುಂದಿನ ವಾರ ಕೊಡ್ತೀನಿ" ಅಂದವಳು ನಾನು. ಇವತ್ತು ಕಡಿಮೆ ಬಿದ್ದರೆ, ಸಂಜೆ ನೀನೇ ಬಂದು ಅವನಿಗೆ ಹೇಳು.

ಅಕ್ಕ